ಅಕ್ಕಸಾಲಿಗನ ಠುಕ್‌ಠಾಕ್, ಕಮ್ಮಾರನ ಒಂದೇಟು

ಬಂಗಾಳಿಯಲ್ಲಿ ಒಂದು ಗಾದೆ ಇದೆ: ‘ಸ್ಯಾಕ್ರಾರ್ ಠುಕ್‌ಠಾಕ್, ಕಾಮಾರೇರ್ ಎಕ್ ಘಾ.’ ಅಕ್ಕಸಾಲಿಗನದು ಠುಕ್‌ಠಾಕ್, ಕಮ್ಮಾರನದು ಒಂದೇ ಏಟು. ಹಿಂದಿಯವರು ಇದನ್ನೇ ಲೆಕ್ಕ ಹಾಕಿ ಹೇಳುತ್ತಾರೆ: ಅಕ್ಕಸಾಲಿಗನ ನೂರು, ಕಮ್ಮಾರನ ಒಂದು. ಒಬ್ಬರು ದಿನವಿಡೀ ಚುಚ್ಚಿ ಚುಚ್ಚಿ ಮಾತಾಡಿ, ಇನ್ನೊಬ್ಬರು ಕೊನೆಗೆ ಒಂದೇ ಮಾತಿನಲ್ಲಿ ಅವರ ಬಾಯಿ ಮುಚ್ಚಿಸಿದಾಗ ಈ ಗಾದೆ ಹೊರಬರುತ್ತದೆ. ಗಾದೆಯ ಒಲವು ಕಮ್ಮಾರನ ಕಡೆಗೆ.

ನನಗೆ ಇದು ನೆನಪಾದದ್ದು ಕೋಲ್ಕತ್ತದ ಬೌಬಜಾರಿನಲ್ಲಿ. ಲಾಲ್‌ಬಜಾರ್ ಕಡೆಯಿಂದ ಸಿಯಾಲ್ದಾ ಕಡೆಗೆ ಹೋಗುವ ಆ ರಸ್ತೆಗೆ ಈಗ ಬಿಪಿನ್ ಬಿಹಾರಿ ಗಂಗೂಲಿ ಸ್ಟ್ರೀಟ್ ಎಂದು ಹೆಸರು. ಜನರ ಬಾಯಲ್ಲಿ ಇನ್ನೂ ಬೌಬಜಾರೇ. ಸಾಲುಸಾಲು ಒಡವೆ ಅಂಗಡಿಗಳು, ಅವುಗಳ ಹಿಂದಿನ ಸಂದಿಗಳಲ್ಲಿ ಒಡವೆ ಮಾಡುವವರ ಕೋಣೆಗಳು. ಒಂದು ಸಂದಿಯ ಹೆಸರೇ ಸ್ಯಾಕ್ರಾಪಾರಾ ಲೇನ್, ಅಂದರೆ ಅಕ್ಕಸಾಲಿಗರ ಕೇರಿ. 2019ರ ಆಗಸ್ಟ್ ಕೊನೆಯಲ್ಲಿ ಮೆಟ್ರೊ ಸುರಂಗ ಕೊರೆಯುವಾಗ ನೆಲ ಕುಸಿದು ಸುತ್ತಲಿನ ಹಳೆಯ ಮನೆಗಳು ಬಿರುಕುಬಿಟ್ಟು ಕೆಲವು ಉರುಳಿದಾಗ ಈ ಹೆಸರು ಪತ್ರಿಕೆಗಳಲ್ಲಿ ಬಂದಿತ್ತು. ನಾನು ಹೋದ ಮಧ್ಯಾಹ್ನ ಅಲ್ಲಿ ಕೇಳಿಸುತ್ತಿದ್ದದ್ದು ಗಾದೆಯಲ್ಲಿರುವ ಸದ್ದೇ. ಠುಕ್, ಠುಕ್, ಒಂದು ಬಿಡುವು, ಮತ್ತೆ ಠುಕ್.

ನಾನು ಹುಡುಕಿ ಹೋಗಿದ್ದು ಅಕ್ಕಸಾಲಿಗರನ್ನಲ್ಲ, ಒಂದು ವಿಳಾಸವನ್ನು: 210, ಬೌಬಜಾರ್ ಸ್ಟ್ರೀಟ್. ಸಿ. ವಿ. ರಾಮನ್ ಅವರ ಕೋಲ್ಕತ್ತದ ವರ್ಷಗಳ ಕುರಿತ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೆ. ಅದರಲ್ಲಿ ಮತ್ತೆ ಮತ್ತೆ ಬರುವ ‘ಇಂಪ್ಯಾಕ್ಟ್’ ಎಂಬ ಪದದ ಹತ್ತಿರ ನನ್ನ ಕೆಲಸ ನಿಂತುಹೋಗಿತ್ತು. ಪಠ್ಯಪುಸ್ತಕದ ಪ್ರಕಾರ ‘ಸಂಘಟ್ಟನೆ’ ಅಥವಾ ‘ಆಘಾತ’. ಆದರೆ ಮೂಲದಲ್ಲಿ ಒಂದು ಕಡೆ ಉಕ್ಕಿನ ಗುಂಡು ಗಾಜಿಗೆ ತಾಗುತ್ತದೆ, ಇನ್ನೊಂದು ಕಡೆ ಸುತ್ತಿಗೆ ತಂತಿಗೆ ಹೊಡೆಯುತ್ತದೆ, ಮತ್ತೊಂದು ಕಡೆ ಎರಡು ಗೋಲಗಳು ಸದ್ದಿಲ್ಲದಷ್ಟು ಮೆಲ್ಲಗೆ ಮುಟ್ಟಿ ದೂರ ಸರಿಯುತ್ತವೆ. ಇವೆಲ್ಲಕ್ಕೂ ‘ಆಘಾತ’ ಎಂದು ಬರೆಯಲು ಕೈ ಬರಲಿಲ್ಲ.

ಆ ಪದದ ಹಿಂದೆ ಹೋದಾಗ ಗೊತ್ತಾದ ಸಂಗತಿ ಇದು. ರಾಮನ್ ಎಂದರೆ ನಮಗೆ ಬೆಳಕು, 1928, ನೊಬೆಲ್. ಅದಕ್ಕೆ ಒಂದು ದಶಕ ಮೊದಲು ಅದೇ ಕಟ್ಟಡದಲ್ಲಿ ಅವರೂ ಅವರ ಜೊತೆಯವರೂ ಒಂದು ಏಟಿನೊಳಗೆ ಏನಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಅಳೆದರು. ಅಕ್ಕಸಾಲಿಗನ ನೂರು ಏಟು ಕಮ್ಮಾರನ ಒಂದಕ್ಕೆ ಸಮವೇ ಎಂಬ ಪ್ರಶ್ನೆಗೆ ಬೇಕಾದ ಉತ್ತರದ ದೊಡ್ಡ ಪಾಲು ಅವರ ಪ್ರಯೋಗಗಳಲ್ಲಿದೆ.

*

ಮೊದಲು ಗಾದೆಯ ಲೆಕ್ಕವನ್ನೇ ಮಾಡಿ ನೋಡೋಣ.

ಚಲಿಸುವ ಸುತ್ತಿಗೆಯಲ್ಲಿರುವ ಶಕ್ತಿ ಅದರ ತೂಕ ಎರಡರಷ್ಟಾದರೆ ಎರಡರಷ್ಟಾಗುತ್ತದೆ, ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ. ಅಕ್ಕಸಾಲಿಗನ ಸುತ್ತಿಗೆ 100 ಗ್ರಾಂ ಇದ್ದು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಇಳಿಯಿತು ಎನ್ನಿ. ಅದರಲ್ಲಿರುವುದು 0.05 ಜೂಲ್. ಒಂದು ಜೂಲ್ ಎಂದರೆ 1 ಕೆಜಿ ತೂಕವನ್ನು ಸುಮಾರು 10 ಸೆಂಟಿಮೀಟರ್ ಎತ್ತಲು ಬೇಕಾಗುವ ಶಕ್ತಿ. ಕಮ್ಮಾರನ ಸಮ್ಮಟಿಗೆ 4 ಕೆಜಿ ಇದ್ದು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದರೆ 50 ಜೂಲ್. ಅಂದರೆ ಅಕ್ಕಸಾಲಿಗ ನೂರಲ್ಲ, ಸಾವಿರ ಏಟು ಹಾಕಬೇಕು. ಸಾವಿರ ಹಾಕಿದರೆ ಲೆಕ್ಕ ಸರಿಹೋಗುತ್ತದೆ.

ಕಾಗದದ ಮೇಲೆ ಸರಿಹೋಗುತ್ತದೆ. ಆದರೆ ಕಮ್ಮಾರನ ಕಬ್ಬಿಣದ ಪಟ್ಟಿಯ ಮೇಲೆ ಆ ಪುಟ್ಟ ಸುತ್ತಿಗೆಯಿಂದ ಸಾವಿರ ಸಲ ಕುಟ್ಟಿದರೆ ಹೊರಮೈಯಲ್ಲಿ ಸಣ್ಣ ಗುರುತುಗಳು ಬಿದ್ದಾವು, ಪಟ್ಟಿ ಬಾಗದು. ಕೊಟ್ಟ ಶಕ್ತಿ ಅಷ್ಟೇ ಆದರೂ ಆದ ಕೆಲಸ ಒಂದೇ ಅಲ್ಲ. ಉಳಿದದ್ದು ಎಲ್ಲಿಗೆ ಹೋಯಿತು?

ಈ ಪ್ರಶ್ನೆಯನ್ನು ಹಿಡಿದುಕೊಂಡೇ 210ನೇ ನಂಬರಿನ ಬಾಗಿಲಿಗೆ ಹೋಗೋಣ.

*

1876ರಲ್ಲಿ ವೈದ್ಯ ಮಹೇಂದ್ರಲಾಲ್ ಸರ್ಕಾರ್ ಅಲ್ಲಿ ‘ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್’ ಕಟ್ಟಿದರು. ಭಾರತೀಯರು ತಮ್ಮದೇ ಹಣದಲ್ಲಿ, ತಮ್ಮದೇ ಆಡಳಿತದಲ್ಲಿ ವಿಜ್ಞಾನ ಮಾಡಬೇಕು ಎಂಬುದು ಅವರ ಹಟ. ಚಂದಾ ಎತ್ತಿ ಕಟ್ಟಡವಾಯಿತು, ಉಪಕರಣಗಳು ಬಂದವು, ಉಪನ್ಯಾಸಗಳು ನಡೆದವು. ಬದುಕನ್ನೇ ಸಂಶೋಧನೆಗೆ ಕೊಡುವವರು ಮಾತ್ರ ಬರಲಿಲ್ಲ. 1904ರಲ್ಲಿ ಸರ್ಕಾರ್ ಆ ನಿರಾಸೆಯಲ್ಲೇ ತೀರಿಕೊಂಡರು.

ಮೂರು ವರ್ಷದ ಬಳಿಕ, 1907ರಲ್ಲಿ, ಹಣಕಾಸು ಇಲಾಖೆಯ ಕೆಲಸಕ್ಕೆಂದು ಕೋಲ್ಕತ್ತಕ್ಕೆ ಬಂದ ಇನ್ನೂ ಇಪ್ಪತ್ತು ತುಂಬದ ರಾಮನ್, ಟ್ರಾಮಿನಿಂದ ಈ ಸಂಸ್ಥೆಯ ಫಲಕ ನೋಡಿ ಬಾಗಿಲು ತಟ್ಟಿದರು. ಆಫೀಸಿಗೆ ಮುಂಚೆ ಬೆಳಿಗ್ಗೆ, ಆಫೀಸು ಬಿಟ್ಟ ಮೇಲೆ ರಾತ್ರಿಯವರೆಗೆ ಅಲ್ಲೇ ಕೆಲಸ. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾಗಿ 1911ರಲ್ಲಿ ಮರಳಿದರು. 1917ರಲ್ಲಿ ಸರ್ಕಾರಿ ನೌಕರಿ ಬಿಟ್ಟು, ಕಡಿಮೆ ಸಂಬಳಕ್ಕೆ, ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು.

ರಾಮನ್ ಬೀದಿಯ ಠುಕ್‌ಠಾಕ್ ಕೇಳಿ ಈ ವಿಷಯಕ್ಕೆ ಇಳಿದರು ಎಂದು ನಾನು ಹೇಳುತ್ತಿಲ್ಲ. ಅವರು ಬಂದದ್ದು ಸಂಗೀತದ ದಾರಿಯಿಂದ. ತಂದೆ ಪಿಟೀಲು ನುಡಿಸುತ್ತಿದ್ದರು. ಹೆಲ್ಮ್‌ಹೋಲ್ಟ್ಸ್ ಬರೆದ ನಾದವಿಜ್ಞಾನದ ಪುಸ್ತಕ ಚಿಕ್ಕ ವಯಸ್ಸಿನಲ್ಲೇ ಅವರನ್ನು ಹಿಡಿದಿತ್ತು. ನಾದ ಹುಟ್ಟುವುದೇ ಮೂರು ಬಗೆಯಲ್ಲಿ: ತಂತಿಯನ್ನು ಉಜ್ಜಬೇಕು, ಮೀಟಬೇಕು, ಇಲ್ಲವೇ ಹೊಡೆಯಬೇಕು. ಉಜ್ಜುವುದರ ಬಗ್ಗೆ ರಾಮನ್ 1918ರಲ್ಲಿ ಸಂಸ್ಥೆಯ ಬುಲೆಟಿನ್ನಿನಲ್ಲಿ ಒಂದು ಇಡೀ ಗ್ರಂಥವನ್ನೇ ಪ್ರಕಟಿಸಿದರು. ಆಮೇಲೆ ಯಂತ್ರದಿಂದ ಪಿಟೀಲು ನುಡಿಸಿ ನೋಡಿದರು. ಆ ಏರ್ಪಾಡಿನಲ್ಲಿ ಕಮಾನು ನಿಂತಲ್ಲೇ ಇರುತ್ತಿತ್ತು, ಪಿಟೀಲೇ ಹಿಂದೆ ಮುಂದೆ ಓಡಾಡುತ್ತಿತ್ತು. ಹೊಡೆಯುವುದನ್ನು ಅರಿಯಲು ಹೊರಟಾಗ ತಂತಿಗೂ ಮೊದಲಿನ ಪ್ರಶ್ನೆ ಎದುರಾಯಿತು: ಒಂದು ಗಟ್ಟಿ ವಸ್ತು ಇನ್ನೊಂದಕ್ಕೆ ತಾಗಿದಾಗ ಆಗುವುದಾದರೂ ಏನು?

*

ಸುತ್ತಿಗೆ ತಾಗಿ ಹಿಂದೆ ಬರುವುದು ನಮ್ಮ ಕಣ್ಣಿಗೆ ಒಂದೇ ಕ್ಷಣ. ಆ ಕ್ಷಣಕ್ಕೂ ಉದ್ದವಿದೆ ಎಂದು ಲೆಕ್ಕ ಹಾಕಿ ತೋರಿಸಿದವರು ಹೈನ್‌ರಿಕ್ ಹರ್ಟ್ಸ್, 1881ರಲ್ಲಿ. ಗೋಲಿ ಗಾತ್ರದ ಎರಡು ಉಕ್ಕಿನ ಗುಂಡುಗಳು ನಡಿಗೆಯ ವೇಗದಲ್ಲಿ ತಾಗಿದರೆ ಅವು ಒಂದನ್ನೊಂದು ಮುಟ್ಟಿಕೊಂಡಿರುವುದು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನ ಆಸುಪಾಸು. ಅಷ್ಟರಲ್ಲಿ ಎರಡೂ ಮೈ ಸ್ವಲ್ಪ ಚಪ್ಪಟೆಯಾಗಿ, ಸ್ಪ್ರಿಂಗಿನಂತೆ ಶಕ್ತಿ ತುಂಬಿಕೊಂಡು, ಮತ್ತೆ ಅರಳಿ ಒಂದನ್ನೊಂದು ತಳ್ಳುತ್ತವೆ. ಏಟು ಎಂದರೆ ಒಂದು ಸಾಲದ ವ್ಯವಹಾರ. ಪಡೆದದ್ದರಲ್ಲಿ ಎಷ್ಟು ಹಿಂದಿರುಗಿತು, ಎಷ್ಟು ಉಳಿಯಿತು, ಉಳಿದದ್ದು ಏನಾಯಿತು ಎಂಬುದೇ ಅದರ ಕಥೆ.

1918ರಲ್ಲಿ ರಾಮನ್ ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಅತಿ ಕಡಿಮೆ ವೇಗದ ತಾಗುವಿಕೆಯ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಗೋಲಗಳು ಮೆಲ್ಲಗೆ, ಇನ್ನೂ ಮೆಲ್ಲಗೆ ಮುಟ್ಟುವುದನ್ನು ಫೋಟೊ ತೆಗೆದು ಅಳೆದರು. ವೇಗ ಇಳಿದಂತೆ ಹಿಂದಿರುಗುವ ಪಾಲು ಏರುತ್ತಾ ಹೋಯಿತು. ತೀರಾ ಮೆಲ್ಲಗೆ ಮುಟ್ಟಿದಾಗ ಪಡೆದದ್ದನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಕೊಟ್ಟುಬಿಡುತ್ತಿದ್ದವು.

ಗಾದೆಯ ಲೆಕ್ಕ ತಪ್ಪಿದ್ದು ಇಲ್ಲೇ. ಪ್ರತಿಯೊಂದು ಲೋಹಕ್ಕೂ ಒಂದು ಹೊಸ್ತಿಲು ಇದೆ. ಅದಕ್ಕಿಂತ ಕೆಳಗಿನ ಒತ್ತಡ ಬಿದ್ದರೆ ಲೋಹ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಏಟನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ, ಸುತ್ತಿಗೆಗೇ ವಾಪಸು ಕೊಡುತ್ತದೆ. ಹೊಸ್ತಿಲು ದಾಟಿದ ಏಟು ಮಾತ್ರ ಉಳಿಯುತ್ತದೆ, ಆಕಾರವಾಗುತ್ತದೆ. ಹಿಂದಕ್ಕೆ ಬಂದ ಸಾವಿರ ಏಟುಗಳನ್ನು ಕೂಡಿಸಿದರೆ ಸಿಗುವುದು ಆಯಾಸ ಮಾತ್ರ. ಕಬ್ಬಿಣದ ಹೊಸ್ತಿಲು ಎತ್ತರದ್ದು. ಕಮ್ಮಾರ ಅದನ್ನು ಎರಡು ಕಡೆಯಿಂದ ಎದುರಿಸುತ್ತಾನೆ: ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಹೊಸ್ತಿಲನ್ನು ತಗ್ಗಿಸುತ್ತಾನೆ, ಸಮ್ಮಟಿಗೆ ಬೀಸಿ ಏಟನ್ನು ಎತ್ತರಿಸುತ್ತಾನೆ. ಚಿನ್ನದ ಹೊಸ್ತಿಲು ತಣ್ಣಗಿರುವಾಗಲೂ ತಗ್ಗು. ಅಲ್ಲಿ ಠುಕ್ ಎಂದದ್ದೆಲ್ಲ ಉಳಿಯುತ್ತದೆ. ಕಮ್ಮಾರನ ಒಂದೇಟು ಅಲ್ಲಿ ಬಿದ್ದರೆ ಒಡವೆಯೇ ಇರುವುದಿಲ್ಲ.

ಅಕ್ಕಸಾಲಿಗನ ಏಟು ಸಣ್ಣದಾಗಿರುವುದು ಅವನ ತೋಳಿಗೆ ಬಲವಿಲ್ಲದ್ದರಿಂದಲ್ಲ. ಎದುರಿನ ವಸ್ತುವಿಗೆ ಎಷ್ಟು ಬೇಕೋ ಅಷ್ಟು ಅವನು ಕೊಡುತ್ತಾನೆ.

*

ಶಕ್ತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಏಟಿನ ಗಾತ್ರ ಒಂದೇ ಅಲ್ಲ. ಕೆಳಗೆ ಏನಿದೆ ಎಂಬುದೂ ಮುಖ್ಯ.

ಅರ್ಧ ಕೆಜಿ ಸುತ್ತಿಗೆ, 10 ಗ್ರಾಂ ಮೊಳೆ. ಸುತ್ತಿಗೆಯೂ ಮೊಳೆಯೂ ತಾಗಿ ಒಟ್ಟಿಗೆ ಮುಂದೆ ಸರಿದರೆ, ಸುತ್ತಿಗೆ ತಂದ ಶಕ್ತಿಯಲ್ಲಿ ಶೇ 98ರಷ್ಟು ಚಲನೆಯಾಗಿಯೇ ಉಳಿದು ಮೊಳೆಯನ್ನು ಮರದೊಳಗೆ ನೂಕುತ್ತದೆ. ಸುತ್ತಿಗೆ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬಂದು ಮೊಳೆ 4 ಮಿಲಿಮೀಟರ್ ಇಳಿಯಿತು ಎಂದರೆ ಮೊಳೆಯ ಮೇಲೆ ಬಿದ್ದ ಸರಾಸರಿ ಬಲ ಸುಮಾರು 100 ಕೆಜಿ ತೂಕದಷ್ಟು. ಯಾವ ಬಡಗಿಯ ಹೆಬ್ಬೆರಳೂ ಅಷ್ಟು ಒತ್ತಲಾರದು. ತೋಳು ಅರ್ಧ ಮೀಟರಿನಷ್ಟು ದೂರದಲ್ಲಿ ನಿಧಾನವಾಗಿ ತುಂಬಿದ ಶಕ್ತಿಯನ್ನು ಸುತ್ತಿಗೆ 4 ಮಿಲಿಮೀಟರಿನಲ್ಲಿ ಖರ್ಚು ಮಾಡುತ್ತದೆ. ಕೈಯ ಉಪಕರಣಗಳು ಶಕ್ತಿಯನ್ನು ಹುಟ್ಟಿಸುವುದಿಲ್ಲ, ಅದು ಖರ್ಚಾಗುವ ಜಾಗ ಮತ್ತು ಹೊತ್ತನ್ನು ಕುಗ್ಗಿಸುತ್ತವೆ.

ಈಗ ತಿರುಗಿಸಿ ನೋಡಿ. 1 ಕೆಜಿ ಸುತ್ತಿಗೆ, 50 ಕೆಜಿ ಅಡೆಗಲ್ಲು, ನಡುವೆ ಕಾದ ಕಬ್ಬಿಣ. ಈ ಸಲ ಶೇ 98ರಷ್ಟು ಶಕ್ತಿ ಚಲನೆಯಾಗಿ ಉಳಿಯುವುದಿಲ್ಲ. ಅಡೆಗಲ್ಲು ಅಲುಗದ ಕಾರಣ ಅದೆಲ್ಲ ನಡುವಿನ ಕಬ್ಬಿಣವನ್ನು ಚಪ್ಪಟೆ ಮಾಡುವುದಕ್ಕೆ ಸಿಗುತ್ತದೆ. ಮೊಳೆಗೆ ಬೇಕಾದದ್ದು ಜಾಗ ಬಿಡುವುದು, ಕಬ್ಬಿಣಕ್ಕೆ ಬೇಕಾದದ್ದು ಆಕಾರ ಬಿಡುವುದು. ಸೂತ್ರ ಒಂದೇ, ತೂಕಗಳು ಅದಲುಬದಲು. ಅಕ್ಕಸಾಲಿಗನ 100 ಗ್ರಾಂ ಸುತ್ತಿಗೆಗೆ 5 ಕೆಜಿಯ ಅಡೆಗಲ್ಲು ಕೊಟ್ಟರೆ ಅಲ್ಲೂ ಅದೇ ಶೇ 98. ಅವನ ಮುಂದಿರುವ ಪುಟ್ಟ ಕಬ್ಬಿಣದ ತುಂಡು ಅವನ ಸುತ್ತಿಗೆಗೆ ಸರಿಯಾಗಿಯೇ ಇದೆ.

ಕೆಳಗಿರುವುದು ದಪ್ಪ ಅಡೆಗಲ್ಲಲ್ಲದೆ ತೆಳು ಹಲಗೆಯಾದರೆ? ರಾಮನ್ 1920ರಲ್ಲಿ ಅದೇ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಬರೆದರು. ಉಕ್ಕಿನ ಗುಂಡುಗಳನ್ನು ಬೇರೆ ಬೇರೆ ದಪ್ಪದ ಗಾಜಿನ ಫಲಕಗಳ ಮೇಲೆ ಬೀಳಿಸಿ ಎಷ್ಟು ಪುಟಿಯುತ್ತವೆಂದು ನೋಡಿದರು. ದಪ್ಪ ಗಾಜಿನಿಂದ ಗುಂಡು ಚೆನ್ನಾಗಿ ಪುಟಿಯಿತು. ಗಾಜು ತೆಳುವಾದಂತೆ ಪುಟಿತ ಕುಗ್ಗಿತು. ಗಾಜು ಒಡೆದಿಲ್ಲ, ಗುರುತೂ ಬಿದ್ದಿಲ್ಲ. ಶಕ್ತಿ ಮಾತ್ರ ಕಾಣೆ. ರಾಮನ್ ಕೊಟ್ಟ ವಿವರಣೆ ಇದು: ಗುಂಡು ಇನ್ನೂ ಮುಟ್ಟಿಕೊಂಡಿರುವ ಆ ಅಲ್ಪ ಹೊತ್ತಿನಲ್ಲೇ ತೆಳು ಫಲಕದಲ್ಲಿ ಬಾಗುವಿಕೆಯ ಅಲೆಗಳು ಎದ್ದು ಶಕ್ತಿಯನ್ನು ದೂರಕ್ಕೆ ಹೊತ್ತುಕೊಂಡು ಹೋಗುತ್ತವೆ. ಗುಂಡಿಗೆ ವಾಪಸು ಕೊಡಲು ಫಲಕದ ಹತ್ತಿರ ಏನೂ ಉಳಿದಿರುವುದಿಲ್ಲ. ಎರಡು ದಶಕದ ನಂತರ, 1941ರಲ್ಲಿ, ಕ್ಲಾರೆನ್ಸ್ ಝೀನರ್ ಈ ಸಿದ್ಧಾಂತವನ್ನು ಇನ್ನಷ್ಟು ಬಿಗಿಗೊಳಿಸಿದಾಗ ತಾಳೆ ನೋಡಿದ್ದು ರಾಮನ್ ಅವರ ಅಳತೆಗಳ ಜೊತೆ.

ಇದನ್ನು ಓದುವಾಗ ನನಗೆ ನಮ್ಮ ಮನೆಯ ಹಿತ್ತಿಲ ಬಾಗಿಲು ನೆನಪಾಯಿತು. ತೆಳು ಹಲಗೆಗೆ ಮೊಳೆ ಹೊಡೆಯುವಾಗ ಹಲಗೆ ಕುಣಿಯುತ್ತದೆ, ಮೊಳೆ ಇಳಿಯುವುದಿಲ್ಲ. ಆಗ ಬಡಗಿ ಯಾರನ್ನಾದರೂ ಕರೆದು, ಹಿಂದೆ ಒಂದು ಗುಂಡುಕಲ್ಲು ಒತ್ತಿ ಹಿಡಿಯಲು ಹೇಳುತ್ತಾನೆ. ಚಿಕ್ಕಂದಿನಲ್ಲಿ ಆ ಕಲ್ಲು ಹಿಡಿಯುವ ಕೆಲಸ ನನ್ನದಾಗಿತ್ತು. ನಾನು ಹಿಡಿದದ್ದು ಅಲೆಗಳು ಓಡಿಹೋಗದಂತೆ ಎಂದು ಆಗ ಗೊತ್ತಿರಲಿಲ್ಲ. ಬಡಗಿಗೆ ಆ ಮಾತು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

*

ಸದ್ದಿಗೂ ಒಂದು ಪಾಲು ಹೋಗುತ್ತದೆ. ಬೌಬಜಾರಿನ ಬಳಗದಲ್ಲಿದ್ದ ಸುಧಾಂಶು ಕುಮಾರ್ ಬ್ಯಾನರ್ಜಿ 1916 ಮತ್ತು 1918ರಲ್ಲಿ ‘ಫಿಲಾಸಫಿಕಲ್ ಮ್ಯಾಗಝಿನ್’ನಲ್ಲಿ ಅದರ ಬಗ್ಗೆ ಬರೆದರು. ಎರಡು ಗಟ್ಟಿ ಗೋಲಗಳು ತಾಗಿದಾಗ ಬರುವ ‘ಟಕ್’ ಎಲ್ಲಿಂದ ಹುಟ್ಟುತ್ತದೆ? ಗೋಲಗಳು ಗಂಟೆಯಂತೆ ಕಂಪಿಸುವುದರಿಂದ ಎಂದುಕೊಳ್ಳುವುದು ಸಹಜ. ಅಷ್ಟು ಚಿಕ್ಕ ಗೋಲದ ಕಂಪನ ನಮ್ಮ ಕಿವಿಗೆ ನಿಲುಕದಷ್ಟು ಎತ್ತರದ್ದು. ಸದ್ದು ಹುಟ್ಟುವುದು ಗೋಲಗಳ ವೇಗ ಫಕ್ಕನೆ ಬದಲಾಗಿ ಸುತ್ತಲಿನ ಗಾಳಿಯನ್ನು ತಳ್ಳುವುದರಿಂದ ಎಂದು ಬ್ಯಾನರ್ಜಿ ತೋರಿಸಿದರು. ಆ ಸದ್ದು ಎಲ್ಲ ದಿಕ್ಕಿಗೂ ಒಂದೇ ಸಮ ಹೋಗುವುದೂ ಇಲ್ಲ; ತಾಗಿದ ನೇರಕ್ಕೆ ಜೋರು, ಓರೆಯಾಗಿ ಒಂದು ಕೋನದಲ್ಲಿ ಕ್ಷೀಣ. ಇದೇ ಬ್ಯಾನರ್ಜಿ ಮುಂದೆ ಹವಾಮಾನ ಇಲಾಖೆಯ ಮೊದಲ ಭಾರತೀಯ ಮಹಾನಿರ್ದೇಶಕರಾದರು.

ಶಕ್ತಿಯ ಲೆಕ್ಕದಲ್ಲಿ ಸದ್ದು ಪುಡಿಗಾಸು. ಕೆಲಸಗಾರನಿಗೆ ಮಾತ್ರ ಅದೇ ರಸೀದಿ. ಅಡೆಗಲ್ಲಿನ ಮೇಲೆ ಬರಿ ಸುತ್ತಿಗೆ ಬಿದ್ದರೆ ಟಣ್ ಎಂದು ಹಾರುತ್ತದೆ, ಕಾದ ಕಬ್ಬಿಣದ ಮೇಲೆ ಬಿದ್ದರೆ ದಪ್ ಎಂದು ಕೂರುತ್ತದೆ. ಕಬ್ಬಿಣ ಆರುತ್ತಾ ಬಂದಂತೆ ದಪ್ ಮತ್ತೆ ಟಣ್ ಕಡೆಗೆ ಸರಿಯುತ್ತದೆ. ಹೊಸ್ತಿಲು ಮೇಲೇರುತ್ತಿದೆ, ಮತ್ತೆ ಕುಲುಮೆಗೆ ಹಾಕು ಎಂದು ಸದ್ದೇ ಹೇಳುತ್ತದೆ.

ಲೋಹ ಇಟ್ಟುಕೊಂಡ ಪಾಲು ಏನಾಗುತ್ತದೆ? ಹೆಚ್ಚಿನದು ಬಿಸಿಯಾಗುತ್ತದೆ. ಕೇಂಬ್ರಿಡ್ಜಿನ ಜಿ. ಐ. ಟೇಲರ್ ಮತ್ತು ಎಚ್. ಕ್ವಿನ್ನಿ 1934ರಲ್ಲಿ ಇದನ್ನು ಅಳೆದರು. ಬಾಗಿಸಿ ತಿರುಚಿದ ಲೋಹದಲ್ಲಿ ಬಿಸಿಯಾಗಿ ಹೋಗದೆ ಒಳಗೇ ಅಡಗಿ ಉಳಿಯುವುದು ಸಣ್ಣ ಪಾಲು, ಸುಮಾರು ಹತ್ತರಲ್ಲಿ ಒಂದು. ಆ ಸಣ್ಣ ಪಾಲೇ ಲೋಹವನ್ನು ಗಡಸು ಮಾಡುತ್ತದೆ. ಅಕ್ಕಸಾಲಿಗ ಕುಟ್ಟುತ್ತಾ ಕುಟ್ಟುತ್ತಾ ನಡುವೆ ನಿಲ್ಲಿಸಿ ಚಿನ್ನವನ್ನು ಉರಿಗೆ ಹಿಡಿಯುವುದು ಅದನ್ನು ಬಿಡಿಸುವುದಕ್ಕೆ. ಸ್ಯಾಕ್ರಾಪಾರಾದಲ್ಲಿ ನಾನು ಕೇಳಿದ ಠುಕ್‌ಗಳ ನಡುವಿನ ಬಿಡುವಿನಲ್ಲಿ ಕೆಲವಾದರೂ ಇಂಥವು ಇದ್ದಿರಬೇಕು.

*

ಹೊಸ್ತಿಲು ದಾಟಿದರೆ ಚಿನ್ನ ಹರಡುತ್ತದೆ, ಗಾಜು ಸೀಳುತ್ತದೆ. 1919ರಲ್ಲಿ ರಾಮನ್ ‘ನೇಚರ್’ ಪತ್ರಿಕೆಗೆ ಈ ಸೀಳುಗಳ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಬರೆದರು. ದಪ್ಪ ಗಾಜಿಗೆ ಉಕ್ಕಿನ ಗುಂಡು ಬಡಿದಾಗ ಬಿರುಕು ಅಡ್ಡಾದಿಡ್ಡಿ ಓಡುವುದಿಲ್ಲ. ಮುಟ್ಟಿದ ಜಾಗದ ಸುತ್ತ ಒಂದು ಉಂಗುರವಾಗಿ ಶುರುವಾಗಿ, ಒಳಗೆ ಇಳಿದಂತೆ ಅಗಲವಾಗುತ್ತಾ ಶಂಕುವಿನ ಆಕಾರ ತಾಳುತ್ತದೆ.

ಈ ಶಂಕು ಮನುಷ್ಯನಿಗೆ ಬಹಳ ಹಳೆಯ ಪರಿಚಯ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಬಳಿ ಇಸಾಂಪುರ ಎಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ತಂಡ ಅಲ್ಲಿ ಆದಿಮಾನವರ ಕಲ್ಲಿನ ಉಪಕರಣಗಳ ಒಂದು ತಯಾರಿ ಜಾಗವನ್ನೇ ಅಗೆದು ತೆಗೆದರು: ಸುಣ್ಣಕಲ್ಲಿನ ಚಪ್ಪಡಿಗಳು, ಅವುಗಳಿಂದ ಎಬ್ಬಿಸಿದ ಚಕ್ಕೆಗಳು, ಅರೆಬರೆ ಕೊಡಲಿಗಳು, ಹೊಡೆಯಲು ಬಳಸಿದ ಗುಂಡುಕಲ್ಲುಗಳು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದೆ ಎಂದು ಅಂದಾಜಿಸಲಾಗಿದೆ. ಹೀಗೆ ಎಬ್ಬಿಸಿದ ಚಕ್ಕೆಯಲ್ಲಿ ಏಟು ಬಿದ್ದ ಜಾಗದ ಕೆಳಗೆ ಒಂದು ಉಬ್ಬು ಇರುತ್ತದೆ. ಅದು ಅದೇ ಶಂಕುವಿನ ತುಂಡು. ಕಲ್ಲಿನ ಅಂಚಿಗೆ ಹತ್ತಿರ, ಸರಿಯಾದ ಕೋನದಲ್ಲಿ ಹೊಡೆದರೆ ಶಂಕುವಿನ ಒಂದು ಮಗ್ಗುಲು ಹೊರಗೆ ಬಂದು ಹರಿತವಾದ ಚಕ್ಕೆ ಸಿಗುತ್ತದೆ; ನಡುವೆ ಹೊಡೆದರೆ ಕಲ್ಲೂ ಹಾಳು, ಏಟೂ ಹಾಳು. ಇಸಾಂಪುರದ ಆ ಕೈಗಳಿಗೆ ಇದು ಗೊತ್ತಿತ್ತು. ಒಂದು ಕಲ್ಲು ಪಡೆದ ಶಕ್ತಿಯನ್ನು ಯಾವ ಕಡೆಗೆ ಖರ್ಚು ಮಾಡುತ್ತದೆ ಎಂದು ಮುಂಚೆಯೇ ಊಹಿಸುವ ವಿದ್ಯೆ ಬರಹಕ್ಕಿಂತಲೂ, ಬಹುಶಃ ಮಾತಿಗಿಂತಲೂ ಹಳೆಯದು.

*

ಇಷ್ಟಾದ ಮೇಲೆ ತಂತಿಗೆ ಬರಬಹುದು. ಪಿಯಾನೊದಲ್ಲಿ ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆಗಳು ತಂತಿಗೆ ಹೊಡೆಯುತ್ತವೆ. ನಮ್ಮ ಸಂತೂರಿನಲ್ಲಿ ಕೈಯಲ್ಲಿರುವ ಕಡ್ಡಿಗಳು ಆ ಕೆಲಸ ಮಾಡುತ್ತವೆ. ಹೊಡೆದ ಸುತ್ತಿಗೆ ಎಷ್ಟು ಹೊತ್ತು ತಂತಿಯನ್ನು ಮುಟ್ಟಿಕೊಂಡಿರುತ್ತದೆ ಎಂಬುದರ ಮೇಲೆ ನಾದದ ಬಣ್ಣ ನಿಂತಿದೆ. ಹೆಚ್ಚು ಹೊತ್ತು ಇದ್ದರೆ ಮೇಲಿನ ಸ್ವರಾಂಶಗಳು ಅಡಗಿ ನಾದ ಮೃದುವಾಗುತ್ತದೆ. ಜರ್ಮನಿಯ ವಾಲ್ಟರ್ ಕೌಫ್‌ಮನ್ 1895ರಲ್ಲಿ ಇದಕ್ಕೊಂದು ಸಿದ್ಧಾಂತ ಕೊಟ್ಟಿದ್ದರು: ಏಟಿನಿಂದ ಎದ್ದ ಅಲೆ ತಂತಿಯ ಹತ್ತಿರದ ತುದಿಗೆ ಹೋಗಿ ಬಡಿದು ಮರಳಿ ಬಂದು ಸುತ್ತಿಗೆಯನ್ನು ಹೊರಗೆ ತಳ್ಳುತ್ತದೆ. ಸುತ್ತಿಗೆಯನ್ನು ಹಿಂದಕ್ಕೆ ಕಳಿಸುವುದು ಅದೇ ಎಬ್ಬಿಸಿದ ಅಲೆ. ರಾಮನ್ ಮತ್ತು ಭವನಾಥ್ ಬ್ಯಾನರ್ಜಿ 1920ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ‘ಪ್ರೊಸೀಡಿಂಗ್ಸ್’ನಲ್ಲಿ ಈ ಸಿದ್ಧಾಂತವನ್ನು ವಿಸ್ತರಿಸಿದರು. ಸುತ್ತಿಗೆಯ ತೂಕಕ್ಕೂ ತಂತಿಯ ತೂಕಕ್ಕೂ ಇರುವ ಅನುಪಾತ, ಹೊಡೆದ ಜಾಗ, ಇವೆರಡು ಬದಲಾದಂತೆ ಮುಟ್ಟಿಕೊಂಡಿರುವ ಹೊತ್ತು ಹೇಗೆ ಬದಲಾಗುತ್ತದೆ ಎಂಬುದು ಅವರ ವಿಷಯ. ಮೊಳೆ, ಅಡೆಗಲ್ಲು, ತೆಳು ಗಾಜು, ತಂತಿ: ನಾಲ್ಕೂ ಕಡೆ ಪ್ರಶ್ನೆ ಒಂದೇ. ಹೊಡೆಯುವುದು ಯಾರು ಎಂಬುದಕ್ಕಿಂತ ಹೊಡೆಯುವ ವಸ್ತುವಿಗೂ ಹೊಡೆಸಿಕೊಳ್ಳುವ ವಸ್ತುವಿಗೂ ಎಂಥ ಸಂಬಂಧ?

ಈ ಕೆಲಸಗಳೆಲ್ಲ ನಡೆದದ್ದು ಬಡ ಪ್ರಯೋಗಾಲಯದಲ್ಲಿ. ಅಲ್ಲಿ ಉಪಕರಣಗಳನ್ನು ಹೊಂದಿಸುವ, ಸರಿಪಡಿಸುವ, ಇಲ್ಲದ್ದನ್ನು ಮಾಡಿಕೊಳ್ಳುವ ಕೈ ಅಶುತೋಷ್ ದೇ ಅವರದ್ದು. ಎಲ್ಲರ ಬಾಯಲ್ಲಿ ಆಶು ಬಾಬು. ರಾಮನ್ ಮೊದಲ ದಿನ ಬಾಗಿಲು ತಟ್ಟಿದಾಗ ತೆರೆದವರೂ ಅವರೇ ಎಂದು ಹೇಳುತ್ತಾರೆ. ಕಾಲೇಜಿನ ಮೆಟ್ಟಿಲು ಹತ್ತದ ಆಶು ಬಾಬು ರಾಮನ್ ಕೋಲ್ಕತ್ತದಲ್ಲಿ ಇದ್ದಷ್ಟು ಕಾಲವೂ ಅವರ ಜೊತೆಗಿದ್ದರು. 1919ರಲ್ಲಿ ರಾಯಲ್ ಸೊಸೈಟಿಯ ಅದೇ ‘ಪ್ರೊಸೀಡಿಂಗ್ಸ್’ನಲ್ಲಿ ಆಶು ಬಾಬು ಅವರದೇ ಹೆಸರಿನಲ್ಲಿ ಒಂದು ಲೇಖನ ಬಂತು, ವಿಷಯ, ಕಂಪನಗಳ ಎಣಿಕೆಯನ್ನು ಅಳೆಯುವ ಹೊಸ ವಿಧಾನ. ರಾಮನ್ ಅದಕ್ಕೊಂದು ಮುನ್ನುಡಿ ಬರೆದಿದ್ದರು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಲೇಖನವೇ. ಕೈಗೆ ಗೊತ್ತಿದ್ದದ್ದು ಕಾಗದಕ್ಕೆ ಬರಲು ಸಾಮಾನ್ಯವಾಗಿ ಇನ್ನೊಬ್ಬರ ಹೆಸರು ಬೇಕಾಗುತ್ತದೆ. ಹಲಗೆಯ ಹಿಂದೆ ಕಲ್ಲು ಹಿಡಿಸಿದ ಬಡಗಿ, ಸದ್ದು ಕೇಳಿ ಕಬ್ಬಿಣವನ್ನು ಕುಲುಮೆಗೆ ಮರಳಿಸಿದ ಕಮ್ಮಾರ ಯಾವ ಪತ್ರಿಕೆಯಲ್ಲೂ ಇಲ್ಲ. ಬೌಬಜಾರಿನಲ್ಲಿ ಒಂದು ಸಲವಾದರೂ ಆ ಬಾಗಿಲು ತೆರೆದಿತ್ತು.

*

ಈಗ ನನ್ನ ಪದಕ್ಕೆ ಮರಳುತ್ತೇನೆ. ‘ಆಘಾತ’ ಸಾಲದು ಎನಿಸಿದಾಗ ಅಡುಗೆಮನೆಯಲ್ಲಿ ನಿಂತು ಎಣಿಸಿದೆ. ರೊಟ್ಟಿ ತಟ್ಟುತ್ತೇವೆ. ಅವಲಕ್ಕಿ ಕುಟ್ಟುತ್ತೇವೆ. ಶುಂಠಿ ಜಜ್ಜುತ್ತೇವೆ. ಹುಣಸೆಹಣ್ಣು ಬಡಿದು ಉದುರಿಸುತ್ತೇವೆ. ತಂತಿ ಮೀಟುತ್ತೇವೆ, ತಲೆ ಮೊಟಕುತ್ತೇವೆ, ಬೆನ್ನಿಗೆ ಗುದ್ದುತ್ತೇವೆ. ಇವು ಒಂದೇ ಕ್ರಿಯೆಯ ಬೇರೆ ಬೇರೆ ಹೆಸರುಗಳಲ್ಲ. ತಟ್ಟುವ ಏಟು ಸಣ್ಣದು, ಹಲವು, ಹಿಟ್ಟು ಪ್ರತಿಯೊಂದನ್ನೂ ಇಟ್ಟುಕೊಳ್ಳುತ್ತದೆ. ಕುಟ್ಟಲು ಕೆಳಗೆ ಒರಳು ಬೇಕು. ಒನಕೆಯ ತೂಕ ಮೇಲಿಂದ ಇಳಿಯಬೇಕು. ಜಜ್ಜಿದ್ದು ಪುಟಿಯುವುದಿಲ್ಲ, ಅದರ ಆಕಾರವೇ ಹೋಗುತ್ತದೆ. ಬಡಿಯುವಾಗ ನಮಗೆ ಬೇಕಾದದ್ದು ಕೊಂಬೆಯಲ್ಲಿ ಎದ್ದು ದೂರ ಹೋಗುವ ಅಲುಗಾಟ. ರಾಮನ್ ಅವರ ತೆಳು ಗಾಜು ಏನು ಮಾಡಿತೋ ಅದನ್ನೇ ನಾವು ಹುಣಸೆಮರದಿಂದ ಬಯಸುತ್ತೇವೆ. ಏಟಿನ ಗಾತ್ರ, ಕೆಳಗಿನ ಆಸರೆ, ಶಕ್ತಿ ಹೋಗಿ ಸೇರುವ ಜಾಗ, ಮೂರನ್ನೂ ಈ ಕ್ರಿಯಾಪದಗಳು ಒಳಗಿಟ್ಟುಕೊಂಡಿವೆ.

ಪಠ್ಯಪುಸ್ತಕಕ್ಕೆ ಒಂದು ಸಾಮಾನ್ಯ ಪದ ಬೇಕು, ಒಪ್ಪುತ್ತೇನೆ. ಕನ್ನಡದಲ್ಲೂ ಬಂಗಾಳಿಯಲ್ಲೂ ಭೌತಶಾಸ್ತ್ರದ ‘ಬಲ’, ‘ಶಕ್ತಿ’ ಒಂದೇ ಸಂಸ್ಕೃತ ಪದಗಳು. ಅದರಿಂದ ಅನುಕೂಲವೇ ಆಗಿದೆ. ಆದರೆ ‘ಸಂಘಟ್ಟನೆ’ಯನ್ನು ಬಾಯಿಪಾಠ ಮಾಡುವ ಮಗುವಿಗೆ ಅಜ್ಜಿ ಶುಂಠಿ ಜಜ್ಜುವುದೂ ಅದೇ ಪಾಠ ಎಂದು ಯಾರೂ ಹೇಳದಿದ್ದರೆ, ಕೈಯ ತಿಳಿವಳಿಕೆ ಒಂದು ಕಡೆ, ಕಾಗದದ ತಿಳಿವಳಿಕೆ ಇನ್ನೊಂದು ಕಡೆ ಉಳಿದುಬಿಡುತ್ತದೆ. ನಾನು ಕೊನೆಗೆ ಒಂದೇ ಪದ ಹುಡುಕುವುದನ್ನು ಬಿಟ್ಟೆ. ಗೋಲಗಳು ‘ಮುಟ್ಟಿದವು’, ಗುಂಡು ‘ಬಡಿಯಿತು’, ಸುತ್ತಿಗೆ ‘ಹೊಡೆಯಿತು’. ಎಲ್ಲವನ್ನೂ ಸೇರಿಸಿ ಹೇಳಬೇಕಾದಲ್ಲಿ ‘ಏಟು’ ಎಂದು ಬರೆದೆ.

‘ಪೆಟ್ಟು’ ಎಂದೂ ಬರೆಯಬಹುದಿತ್ತು. ಕನ್ನಡದಲ್ಲಿ ‘ಪೆಟ್ಟು ಕೊಟ್ಟ’ ಎಂದರೆ ಹೊಡೆದ. ‘ಪೆಟ್ಟಾಗಿದೆ’ ಎಂದರೆ ಮೈಯಲ್ಲಿ ಅದು ಉಳಿದಿದೆ. ಬಂಗಾಳಿ ಗಾದೆಯ ‘ಘಾ’ ಕೂಡ ಹಾಗೆಯೇ: ಏಟಿಗೂ ಅದೇ ಪದ, ಗಾಯಕ್ಕೂ ಅದೇ ಪದ. ಕೊಟ್ಟದ್ದಕ್ಕೂ ಉಳಿದದ್ದಕ್ಕೂ ಎರಡು ಭಾಷೆಗಳು ಒಂದೇ ಹೆಸರಿಟ್ಟಿವೆ. ಇವೆರಡೂ ಯಾವಾಗ ಒಂದಾಗುತ್ತವೆ, ಯಾವಾಗ ಆಗುವುದಿಲ್ಲ ಎಂಬುದನ್ನೇ ಬೌಬಜಾರಿನವರು ಅಳೆದದ್ದು.

ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದರು. ಸಂಸ್ಥೆ ಸ್ವಾತಂತ್ರ್ಯದ ನಂತರ ಜಾದವಪುರಕ್ಕೆ ಹೋಯಿತು. 210ನೇ ನಂಬರಿನಲ್ಲಿದ್ದ ಹಳೆಯ ಕಟ್ಟಡ ಈಗಿಲ್ಲ. ಅಲ್ಲಿ ಒಂದು ವಾಣಿಜ್ಯ ಕಾಲೇಜು ನಡೆಯುತ್ತಿದೆ. ನಾನು ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದು ಮರಳಿ ಸಂದಿಗೆ ಬಂದೆ. ಒಂದು ಕಿಟಕಿಯಲ್ಲಿ ವಯಸ್ಸಾದವರೊಬ್ಬರು ತೊಡೆಯ ಮುಂದಿನ ಪುಟ್ಟ ಅಡೆಗಲ್ಲಿನ ಮೇಲೆ ಬಳೆಯ ಅಂಚನ್ನು ತಿದ್ದುತ್ತಿದ್ದರು. ಒಂದು ಏಟು ಹಾಕುತ್ತಾರೆ, ಬಳೆಯನ್ನು ಬೆಳಕಿಗೆ ಎತ್ತಿ ನೋಡುತ್ತಾರೆ, ಒಂದಿಷ್ಟು ತಿರುಗಿಸಿ ಇನ್ನೊಂದು ಹಾಕುತ್ತಾರೆ. ಪ್ರತಿ ಏಟಿನಲ್ಲೂ ಎಷ್ಟು ಉಳಿಯಿತು ಎಂದು ನೋಡಿಕೊಂಡೇ ಮುಂದಿನದನ್ನು ಅಳೆಯುತ್ತಿದ್ದರು.